ಮೊದಲ ಕ್ರೈಸ್ತ ದೇವಾಲಯಗಳು

ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ತ್ರೋವ ಎಂಬ ಪಟ್ಟಣದಲ್ಲಿ ಒಂದು ವಾರದ ಮೊದಲ ದಿನ ಸಂತ ಪೌಲನು ಉಪನ್ಯಾಸ ಮಾಡುತ್ತಿದ್ದನು. ಮಾರನೆಯ ದಿನ ಅವನು ಪ್ರಯಾಣ ಹೊರಡಬೇಕಾಗಿದ್ದಿತು; ಹೇಳಬೇಕಾದದ್ದು ಬಹಳವಿದ್ದಿತು. ಮಾತು ನಡುರಾತ್ರಿಯವರೆಗೂ ಬೆಳೆಯಿತು. ಸಭೆ ಸೇರಿದ್ದುದು ಒಂದು ಮನೆಯ ಮೇಲುಪ್ಪರಿಗೆಯಲ್ಲಿ. ಕೋಣೆಯಲ್ಲಿ ಬಹಳ ದೀಪಗಳಿದ್ದುವು. ಯೂತಿಖನೆಂಬ ಯುವಕನು ಜಾಗವಿಲ್ಲದೆಯೋ, ಗಾಳಿಗಾಗಿಯೋ, ಕಿಟಕಿಯಲ್ಲಿ ಕುಳಿತಿದ್ದನು. ಉಪನ್ಯಾಸ ದೀರ್ಘವಾದಂತೆ ಅವನಿಗೆ ತೂಕಡಿಕೆ ಹತ್ತಿತು. ಗಾಢನಿದ್ರೆಯಲ್ಲಿ ಮೂರನೆಯ ಅಂತಸ್ತಿನಿಂದ ಕೆಳಕ್ಕೆ ಬಿದ್ದುಬಿಟ್ಟನು. ಸತ್ತನೆಂದೇ ಜನ ಅವನನ್ನು ಎತ್ತಿದರು. ಪೌಲನು ಇಳಿದುಬಂದು ಅವನನ್ನು ತಬ್ಬಿ, ಇವನಲ್ಲಿ ಇನ್ನೂ ಪ್ರಾಣವಿದೆ ಎಂದು ಸಮಾಧಾನ ಹೇಳಿ, ಮತ್ತೆ ಮೇಲಕ್ಕೆ ಹೋಗಿ, ರೊಟ್ಟಿ ಮುರಿದು ಊಟಮಾಡಿ, ಬೆಳಗಾಗುವವರೆಗೆ ಮಾತು ಮುಂದುವರಿಸಿದನೆಂದು ಬೈಬಲು ಹೇಳುತ್ತದೆ. ರೇಡಿಯೋ ಭಾಷಣ ಕೇಳುತ್ತ ತೂಕಡಿಸುವವರಿಗೆ ಇಂಥ ಅಪಾಯವಿಲ್ಲವೆಂಬುದೊಂದು ಸಮಾಧಾನ.

ಈ ಕಥೆಯನ್ನು ಇಲ್ಲಿ ನೆನೆದುದಕ್ಕೆ ಬೇರೊಂದು ಕಾರಣವಿದೆ. ಕ್ರೈಸ್ತರು ಮೊಟ್ಟಮೊದಲು ಎಂಥ ಸ್ಥಳದಲ್ಲಿ ಸೇರುತ್ತಿದ್ದರೆಂಬುದನ್ನು ಇದು ಕಣ್ಣಿಗೆ ಕಟ್ಟಿದಂತೆ ತೋರಿಸುತ್ತದೆ. ಗೋಪುರವಿಲ್ಲ, ಗಂಟೆಯಿಲ್ಲ, ವಿಗ್ರಹವಿಲ್ಲ, ಬಲಿಪೀಠವೂ ಇಲ್ಲ. ಯಾರದೋ ಮನೆ, ಒಂದು ಕೋಣೆ, ಕೆಲವು ದೀಪಗಳು, ಮಾತು, ಮಾತಾದ ಮೇಲೆ ಊಟ. ಇಷ್ಟರಿಂದ ಹೊರಟವರು ೫೦೦ ವರ್ಷ ಕಳೆಯುವಷ್ಟರಲ್ಲಿ ಕಾನ್‌ಸ್ಟಾಂಟಿನೋಪಲಿನ ಹಗಿಯಾ ಸೋಫಿಯಾದಂಥ ಮಹಾಮಂದಿರವನ್ನು ಕಟ್ಟಿ ನಿಲ್ಲಿಸಿದರು. ಅರಸರ ಹಣ, ಶಿಲ್ಪಿಗಳ ಜಾಣ್ಮೆ ಎರಡೂ ಇದಕ್ಕೆ ಒದಗಿದುವು, ನಿಜ. ಆದರೂ ಗೋಡೆ ಎಲ್ಲಿ ಏಳಬೇಕು, ಬಾಗಿಲು ಎಲ್ಲಿರಬೇಕು ಎಂಬುದನ್ನು ಗೊತ್ತುಮಾಡಿದ್ದು ಪೂಜೆಯ ಕ್ರಮ: ಒಳಗೆ ಜನ ಏನು ಮಾಡುತ್ತಾರೆ, ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ. ಆ ಊಟದ ಮೇಜಿಗೆ ಯಾರು ಎಷ್ಟು ಹತ್ತಿರ ಬರಬಹುದು ಎಂಬ ಪ್ರಶ್ನೆ ಈ ಚರಿತ್ರೆಯ ಉದ್ದಕ್ಕೂ ಕೇಳಿಬರುತ್ತದೆ.

ಗ್ರೀಕರ ಮತ್ತು ರೋಮನರ ದೇವಾಲಯಗಳನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಅವು ದೇವರ ಮನೆಗಳು. ಒಳಗೆ ಮೂರ್ತಿ ಇರುತ್ತಿದ್ದಿತು. ಬಲಿ ಕೊಡುವ ವೇದಿಕೆ ಸಾಮಾನ್ಯವಾಗಿ ಹೊರಗೆ, ಬಾಗಿಲಿನ ಮುಂದೆ, ಬಯಲಿನಲ್ಲಿ. ಭಕ್ತರ ಗುಂಪು ನೆರೆಯುತ್ತಿದ್ದುದೂ ಅಲ್ಲಿಯೇ. ಆದ್ದರಿಂದ ಆ ದೇವಾಲಯಗಳ ಅಂದವೆಲ್ಲ ಹೊರಮೈಯಲ್ಲಿ. ಅಥೆನ್ಸಿನ ಪಾರ್ಥೆನಾನಿನ ಕಂಬಸಾಲು ಹೊರಗಿನಿಂದ ನೋಡುವವರಿಗಾಗಿ ಇದೆ. ಕ್ರೈಸ್ತರ ಪೂಜೆಗೆ ಈ ಕಟ್ಟಡ ಒಗ್ಗುವಂತಿರಲಿಲ್ಲ. ಅವರಿಗೆ ಪಶುಬಲಿ ಇರಲಿಲ್ಲ, ಮೂರ್ತಿ ಇರಲಿಲ್ಲ. ಬೇಕಾದದ್ದು ಎಲ್ಲರೂ ಒಟ್ಟಿಗೆ ಸೇರಿ ಕೇಳಲು, ಪ್ರಾರ್ಥಿಸಲು, ಉಣ್ಣಲು ಒಂದು ಒಳಾಂಗಣ. ನಮಗೆ ದೇವಾಲಯಗಳೇ ಇಲ್ಲ, ಬಲಿವೇದಿಕೆಗಳೂ ಇಲ್ಲ ಎಂದು ಆ ಕಾಲದ ಕ್ರೈಸ್ತ ಲೇಖಕರು ಕೊಂಚ ಹೆಮ್ಮೆಯಿಂದಲೇ ಬರೆದುಕೊಂಡಿದ್ದಾರೆ.

ಇಲ್ಲಿ ನಮ್ಮ ಮಾತಿಗೇ ಸಂಬಂಧಿಸಿದ ಒಂದು ಸ್ವಾರಸ್ಯವನ್ನು ಹೇಳಬೇಕು. ಮಂಗಳೂರಿನ ಕಡೆ ಚರ್ಚಿಗೆ ಇಗರ್ಜಿ ಎನ್ನುತ್ತಾರೆ. ಅದು ಪೋರ್ಚುಗೀಸರು ತಂದ ಮಾತು. ಅದರ ಮೂಲ ಎಕ್ಲೀಸಿಯ ಎಂಬ ಗ್ರೀಕ್ ಶಬ್ದ. ಗ್ರೀಕ್ ಪಟ್ಟಣಗಳಲ್ಲಿ ಕರೆಕೊಟ್ಟು ಸೇರಿಸಿದ ಪೌರಸಭೆಗೆ ಎಕ್ಲೀಸಿಯ ಎಂದು ಹೆಸರು. ಹಾಗಾಗಿ ಇಗರ್ಜಿ ಎಂದರೆ ಮೊದಲಿನ ಅರ್ಥದಲ್ಲಿ ಕಟ್ಟಡವೇ ಅಲ್ಲ, ಸೇರಿದ ಜನ. ಹೆಸರು ಜನದಿಂದ ಗೋಡೆಗೆ ಜಾರಿದ್ದು ಆಮೇಲಿನ ಸಂಗತಿ.

ಮನೆಯಲ್ಲಿ ಸೇರುತ್ತಿದ್ದ ಕಾಲಕ್ಕೆ ಮತ್ತೆ ಬರೋಣ. ಆಗಿನ ಪೂಜೆ ನಿಜವಾದ ಊಟವೂ ಆಗಿದ್ದಿತು. ಊಟವಾದ್ದರಿಂದ ಊಟದ ತೊಡಕುಗಳೂ ಇದ್ದುವು. ರೋಮನರ ಸಿರಿವಂತ ಮನೆಯ ಊಟದ ಕೋಣೆಯಲ್ಲಿ ಮೂರು ಮಂಚಗಳು, ಅವುಗಳ ಮೇಲೆ ಒರಗಿ ಉಣ್ಣುವವರು ವಾಡಿಕೆಯಂತೆ ೯ ಜನ. ಹತ್ತನೆಯವನು ಅಂಗಳಕ್ಕೆ ಹೋಗಬೇಕು. ಕೊರಿಂಥದ ಕ್ರೈಸ್ತರಿಗೆ ಪೌಲನು ಬರೆದ ಕಾಗದದಲ್ಲಿ ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನು ಕುಡಿದು ಅಮಲೇರಿಸಿಕೊಂಡಿರುತ್ತಾನೆ, ಇದೇನು ಕರ್ತನ ಭೋಜನವೇ ಎಂದು ಗದರಿಸುತ್ತಾನೆ. ಮನೆಯ ರಚನೆಯೇ ಈ ಜಗಳಕ್ಕೆ ಸ್ವಲ್ಪ ಕಾರಣವಾಗಿದ್ದಿರಬೇಕೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ನನಗೂ ಅದು ಸರಿಯೆಂದೇ ತೋರುತ್ತದೆ; ಒಂದೇ ಪಂಕ್ತಿಯಲ್ಲಿ ಕೂರಲಾಗದ ಕಡೆ ಸಮಾನತೆಯನ್ನು ಬೋಧಿಸುವುದು ಕಷ್ಟ.

ಕ್ರಮೇಣ ಊಟ ಬೇರೆಯಾಯಿತು, ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ ಬೇರೆಯಾಯಿತು. ಸುಮಾರು ಕ್ರಿ.ಶ. ೧೫೫ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ತತ್ತ್ವಜ್ಞನು ಚಕ್ರವರ್ತಿಗೆ ಸಲ್ಲಿಸಿದ ಸಮರ್ಥನೆಯಲ್ಲಿ ಭಾನುವಾರದ ಪೂಜೆಯನ್ನು ವಿವರಿಸಿದ್ದಾನೆ. ಮೊದಲು ಪ್ರೇಷಿತರ ಅಥವಾ ಪ್ರವಾದಿಗಳ ಬರಹಗಳ ವಾಚನ, ಹೊತ್ತಿರುವಷ್ಟು. ಅನಂತರ ಅಧ್ಯಕ್ಷನ ಉಪದೇಶ. ಎಲ್ಲರೂ ಎದ್ದು ನಿಂತು ಪ್ರಾರ್ಥನೆ. ಆಮೇಲೆ ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ, ಅಧ್ಯಕ್ಷನು ಕೃತಜ್ಞತೆಯ ಪ್ರಾರ್ಥನೆ ಹೇಳುತ್ತಾನೆ, ಎಲ್ಲರಿಗೂ ಹಂಚುತ್ತಾರೆ, ಬರಲಾಗದವರಿಗೆ ಡೀಕನರೆಂಬ ಪರಿಚಾರಕರು ಮನೆಗೆ ಒಯ್ದು ಕೊಡುತ್ತಾರೆ. ಪೂಜೆ ಈಗ ಎರಡು ಭಾಗವಾಯಿತೆಂಬುದನ್ನು ಗಮನಿಸಿ. ಒಂದು ಕೇಳುವ ಭಾಗ, ಇನ್ನೊಂದು ಹಂಚಿಕೊಳ್ಳುವ ಭಾಗ. ಕೇಳುವುದಕ್ಕೆ ಯಾರು ಬಂದರೂ ಅಡ್ಡಿಯಿಲ್ಲ. ಹಂಚಿಕೊಳ್ಳುವುದಕ್ಕೆ ದೀಕ್ಷೆ ಪಡೆದವನೇ ಆಗಬೇಕು. ಮುಂದೆ ಕಟ್ಟಡದಲ್ಲಿ ಕಾಣುವ ಬಾಗಿಲು, ಮೊಗಸಾಲೆ, ಕಟಕಟೆ, ತೆರೆ ಇವುಗಳಲ್ಲಿ ಬಹಳಷ್ಟಕ್ಕೆ ಬೀಜ ಇಲ್ಲಿದೆ.

ಇಂಥ ಮನೆದೇವಾಲಯವೊಂದನ್ನು ನಾವು ಕಣ್ಣಾರೆ ನೋಡುವ ಭಾಗ್ಯ ದೊರಕಿಸಿದ್ದು ಒಂದು ಯುದ್ಧ. ಸಿರಿಯಾ ದೇಶದಲ್ಲಿ ಯೂಫ್ರಟೀಸ್ ನದಿಯ ದಂಡೆಯ ಮೇಲೆ ದೂರಾ-ಯೂರೋಪಸ್ ಎಂಬ ರೋಮನ್ ಗಡಿಪಟ್ಟಣವಿದ್ದಿತು. ೨೫೬ರ ಸುಮಾರಿಗೆ ಪಾರಸಿಕ ದೊರೆಗಳ ಸೈನ್ಯ ಅದನ್ನು ಮುತ್ತಿದಾಗ, ಕೋಟೆಯ ಗೋಡೆಯನ್ನು ಬಲಪಡಿಸಲು ರೋಮನ್ ಸೈನಿಕರು ಗೋಡೆಗೆ ಅಂಟಿಕೊಂಡಿದ್ದ ಬೀದಿಯ ಮನೆಗಳಿಗೆ ಮಣ್ಣು ತುಂಬಿಬಿಟ್ಟರು. ಪಟ್ಟಣ ಬಿದ್ದಿತು, ಹಾಳಾಯಿತು. ಮಣ್ಣಿನೊಳಗಿನ ಮನೆಗಳು ಮಾತ್ರ ೧೬೦೦ ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ಉಳಿದುವು. ೧೯೩೧-೩೨ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರೂ ಫ್ರೆಂಚ್ ವಿದ್ವಾಂಸರೂ ಅಗೆದಾಗ ಅಲ್ಲಿ ಕ್ರೈಸ್ತರು ಸೇರುತ್ತಿದ್ದ ಮನೆ ಸಿಕ್ಕಿತು.

ಹೊರಗಿನಿಂದ ನೋಡಿದರೆ ನಡುವೆ ಅಂಗಳವಿರುವ ಸಾಧಾರಣ ಮನೆ. ಒಳಗೆ ಮಾಡಿದ ಮಾರ್ಪಾಟುಗಳು ಎರಡೇ ಎರಡು ಮುಖ್ಯವಾದವು. ಎರಡು ಕೋಣೆಗಳ ನಡುವಿನ ಗೋಡೆಯನ್ನು ತೆಗೆದು ಸುಮಾರು ೧೩ ಮೀಟರು ಉದ್ದ, ೫ ಮೀಟರು ಅಗಲದ ಪಡಸಾಲೆ ಮಾಡಿದ್ದಾರೆ. ೬೦-೭೦ ಜನ ಸೇರಬಹುದು. ಅದರ ಪೂರ್ವದ ಕೊನೆಯಲ್ಲಿ ಒಂದು ತಗ್ಗಾದ ಜಗಲಿ, ಉಪದೇಶಿಸುವವನು ಕೂರಲೋ ನಿಲ್ಲಲೋ. ಮೂಲೆಯ ಇನ್ನೊಂದು ಚಿಕ್ಕ ಕೋಣೆಯಲ್ಲಿ ನೀರಿನ ತೊಟ್ಟಿ, ಅದರ ಮೇಲೆ ಕಂಬಗಳ ಮಂಟಪ. ದೀಕ್ಷಾಸ್ನಾನ ನಡೆಯುತ್ತಿದ್ದುದು ಅಲ್ಲಿ. ವಿಚಿತ್ರವೆಂದರೆ ಚಿತ್ರಗಳೆಲ್ಲ ಈ ಸಣ್ಣ ಕೋಣೆಯಲ್ಲೇ ಇವೆ: ಕುರಿ ಹೊತ್ತ ಕುರುಬ, ನೀರಿನ ಮೇಲೆ ನಡೆಯುವ ಯೇಸು, ಹಾಸಿಗೆ ಹೊತ್ತು ನಡೆಯುವ ಲಕ್ವ ರೋಗಿ, ಗೋರಿಯ ಬಳಿಗೆ ಸಾಲಾಗಿ ಬರುವ ಹೆಂಗಸರು. ದೊಡ್ಡ ಪಡಸಾಲೆಯ ಗೋಡೆ ಬರಿದು. ಮನುಷ್ಯನ ಬಾಳಿನಲ್ಲಿ ಒಮ್ಮೆ ಮಾತ್ರ ನಡೆಯುವ ಸಂಸ್ಕಾರಕ್ಕೆ ಬಣ್ಣ ಬೇಕೆನಿಸಿತು. ವಾರವಾರದ ಕೂಟಕ್ಕೆ ಜಾಗವಿದ್ದರೆ ಸಾಕೆನಿಸಿತು. ಆ ಚಿತ್ರಗಳನ್ನು ಬಿಡಿಸಿ ಯೇಲ್‌ಗೆ ಒಯ್ದರು. ಉಳಿದ ಪಟ್ಟಣ, ೨೦೧೧ರಲ್ಲಿ ಸಿರಿಯಾದಲ್ಲಿ ಆರಂಭವಾದ ಅಂತರ್ಯುದ್ಧದ ವರ್ಷಗಳಲ್ಲಿ, ನಿಕ್ಷೇಪ ತೋಡುವ ಕಳ್ಳರ ಕೈಗೆ ಸಿಕ್ಕಿ ಗುಳಿಗಳ ಬಯಲಾಯಿತು.

ಮೂರನೆಯ ಶತಮಾನ ಮುಗಿಯುವ ಹೊತ್ತಿಗೆ ಕ್ರೈಸ್ತರು ಮನೆಗಳನ್ನು ಮೀರಿ ಬೆಳೆದಿದ್ದರು. ನಿಕೊಮೀಡಿಯದಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯ ಅರಮನೆಯಿಂದ ಕಾಣುವಂತೆ ದಿಣ್ಣೆಯ ಮೇಲೆ ಅವರ ದೇವಾಲಯವಿದ್ದಿತು. ೩೦೩ರ ಫೆಬ್ರವರಿಯಲ್ಲಿ ಹಿಂಸೆ ಆರಂಭವಾದಾಗ ಸೈನಿಕರು ಮೊದಲು ಕೆಡವಿದ್ದು ಅದನ್ನು. ಹತ್ತು ವರ್ಷದಲ್ಲಿ ಗಾಳಿ ತಿರುಗಿತು. ೩೧೩ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸೀನಿಯಸ್ ಕ್ರೈಸ್ತರಿಗೆ ಪೂಜಾಸ್ವಾತಂತ್ರ್ಯ ಕೊಟ್ಟರು. ಅಷ್ಟೇ ಅಲ್ಲ, ಕಾನ್‌ಸ್ಟಂಟೈನನು ಸ್ವತಃ ಕಟ್ಟಿಸಲು ನಿಂತನು. ಈಗ ಸಾವಿರಾರು ಜನರಿಗೆ ಸ್ಥಳ ಬೇಕು. ಯಾವ ಮಾದರಿಯಲ್ಲಿ ಕಟ್ಟುವುದು?

ಹಳೆಯ ದೇವಾಲಯದ ಮಾದರಿ ಆಗದೆಂಬುದನ್ನು ಆಗಲೇ ನೋಡಿದೆವು. ಬಸಿಲಿಕ ಎಂಬ ಇನ್ನೊಂದು ಮಾದರಿ ರೋಮನರ ಪ್ರತಿಯೊಂದು ಪಟ್ಟಣದಲ್ಲೂ ಇದ್ದಿತು. ಇಂದು ಆ ಹೆಸರು ಕೆಥೊಲಿಕ್ ಪಂಥದ ಒಂದು ಗೌರವಪದವಿ; ಬೆಂಗಳೂರಿನ ಶಿವಾಜಿನಗರದ ಸಂತ ಮೇರಿಯ ದೇವಾಲಯಕ್ಕೆ ೧೯೭೦ರ ದಶಕದಲ್ಲಿ ಆ ಪದವಿ ದೊರೆಯಿತು. ಆದರೆ ರೋಮನರ ಕಾಲದಲ್ಲಿ ಬಸಿಲಿಕ ಎಂದರೆ ಊರ ಚಾವಡಿ. ಉದ್ದನೆಯ ಹಜಾರ, ಉದ್ದಕ್ಕೂ ಎರಡು ಅಥವಾ ನಾಲ್ಕು ಸಾಲು ಕಂಬ, ಎತ್ತರವಾದ ನಡುವಣ ಅಂಕಣ, ತಗ್ಗಾದ ಪಕ್ಕದ ಅಂಕಣಗಳು, ಎತ್ತರದ ವ್ಯತ್ಯಾಸದಲ್ಲಿ ಸಾಲು ಕಿಟಕಿ. ವ್ಯಾಪಾರ, ಪಂಚಾಯಿತಿ, ನ್ಯಾಯವಿಚಾರಣೆ ಎಲ್ಲಕ್ಕೂ ಅದೇ ಜಾಗ. ಹಲವು ಬಸಿಲಿಕಗಳಲ್ಲಿ ಕೊನೆಗೆ ಅರೆದುಂಡನೆಯ ಗೂಡು. ನ್ಯಾಯಾಧಿಪತಿಯ ಪೀಠಕ್ಕೆ ಅದು ಸ್ಥಾನ. ಇಂಥ ಹಜಾರಕ್ಕೆ ಯಾವ ದೇವರ ನಂಟೂ ಗಟ್ಟಿಯಾಗಿ ಅಂಟಿಕೊಂಡಿರಲಿಲ್ಲ. ಬೇಗ ಕಟ್ಟಬಹುದು, ಮರದ ಮಾಡು ಸಾಕು, ಮೇಲಿನ ಕಿಟಕಿಗಳಿಂದ ಓದುವುದಕ್ಕೆ ಬೇಕಾದ ಬೆಳಕು. ಗ್ರಂಥವಾಚನವೇ ಅರ್ಧ ಪೂಜೆಯಾಗಿರುವವರಿಗೆ ಬೆಳಕು ಅಲಂಕಾರವಲ್ಲ, ಅಗತ್ಯ.

ಆದರೆ ಚಾವಡಿಯನ್ನು ಇದ್ದಂತೆ ಎತ್ತಿಕೊಳ್ಳಲಿಲ್ಲ. ಒಂದು ತಿರುವು ಕೊಟ್ಟರು. ೧೧೨ರಲ್ಲಿ ತೆರೆದ ಟ್ರಾಜನ್ ಚಕ್ರವರ್ತಿಯ ಬಸಿಲಿಕಕ್ಕೆ ಬಾಗಿಲುಗಳು ಉದ್ದನೆಯ ಪಕ್ಕದಲ್ಲಿದ್ದುವು, ಅರೆದುಂಡು ಗೂಡುಗಳು ಎರಡೂ ತುದಿಗಳಲ್ಲಿ. ಒಳಗೆ ಬಂದವನು ಎಡಕ್ಕೋ ಬಲಕ್ಕೋ ತಿರುಗಬೇಕು, ಸುಮ್ಮನೆ ಅಡ್ಡಾಡಬಹುದು. ಕ್ರೈಸ್ತರು ಬಾಗಿಲನ್ನು ಕಿರಿಯ ಪಕ್ಕಕ್ಕೆ ತಂದು, ಗೂಡನ್ನು ಅದಕ್ಕೆ ನೇರ ಎದುರಿಗೆ ಒಂದೇ ಕಡೆ ಉಳಿಸಿಕೊಂಡರು. ಹೊಸಲು ದಾಟಿದ ಕೂಡಲೇ ಕಂಬಸಾಲುಗಳು ಕಣ್ಣನ್ನು ಎಳೆದುಕೊಂಡು ಮೇಜಿನವರೆಗೆ ಒಯ್ಯುತ್ತವೆ. ಅಡ್ಡಾಡುವ ಹಜಾರ ನಡೆದುಹೋಗುವ ದಾರಿಯಾಯಿತು. ಬಿಷಪ್ಪನೂ ಪರಿವಾರವೂ ಮೆರವಣಿಗೆಯಾಗಿ ಬರುವುದು, ಕಾಣಿಕೆಯ ರೊಟ್ಟಿ ದ್ರಾಕ್ಷಾರಸಗಳು ಬರುವುದು, ಜನ ಪ್ರಸಾದಕ್ಕೆ ಮುಂದೊತ್ತುವುದು ಎಲ್ಲಕ್ಕೂ ಈ ನೇರವಾದ ಹಾದಿ ಹೊಂದಿತು.

ಕಾನ್‌ಸ್ಟಂಟೈನನು ರೋಮಿನಲ್ಲಿ ಮೊದಲು ಕಟ್ಟಿಸಿದ್ದು ಲ್ಯಾಟರನ್ ಬಸಿಲಿಕವನ್ನು. ತನ್ನ ಶತ್ರುವಿನ ಪಕ್ಷ ಹಿಡಿದಿದ್ದ ಕುದುರೆ ಕಾವಲುಪಡೆಯ ಶಿಬಿರವನ್ನು ನೆಲಸಮ ಮಾಡಿ ಅದರ ಮೇಲೆಯೇ ಕಟ್ಟಿಸಿದನು. ಉದ್ದ ಸುಮಾರು ೧೦೦ ಮೀಟರು, ಐದು ಅಂಕಣ. ಹದಿನೇಳನೆಯ ಶತಮಾನದಲ್ಲಿ ಅದರ ರೂಪು ಬಹಳ ಬದಲಾಯಿತು. ಮೊದಲಿನ ಬಸಿಲಿಕದ ಸೊಗಸನ್ನು ನೋಡಬೇಕಾದರೆ ರೋಮಿನ ಸಾಂತ ಸಬೀನಕ್ಕೆ ಹೋಗಬೇಕು. ೪೨೨ರಿಂದ ೪೩೨ರ ನಡುವೆ ಕಟ್ಟಿದ್ದು. ಹಳೆಯ ರೋಮನ್ ಕಟ್ಟಡದಿಂದ ತಂದ ೨೪ ಕಂಬಗಳು, ಮೇಲೆ ದೊಡ್ಡ ದೊಡ್ಡ ಕಿಟಕಿಗಳು. ಹೊರಗೆ ಬರಿಯ ಇಟ್ಟಿಗೆಯ ಗೋಡೆ. ಪಾರ್ಥೆನಾನನ್ನು ಒಳಹೊರಗು ಮಾಡಿ ಮಗುಚಿಹಾಕಿದಂತಿದೆ: ಕಂಬಗಳು ಒಳಕ್ಕೆ ಬಂದಿವೆ, ಜನರೂ ಅವುಗಳೊಂದಿಗೆ ಒಳಕ್ಕೆ ಬಂದಿದ್ದಾರೆ.

ಒಳಗೆ ಯಾರು ಎಲ್ಲಿ? ನ್ಯಾಯಾಧಿಪತಿಯ ಗೂಡಿನಲ್ಲಿ ಬಿಷಪ್ಪನ ಪೀಠ. ಎರಡು ಪಕ್ಕದಲ್ಲಿ ಅರ್ಧಚಂದ್ರಾಕಾರದ ಕಲ್ಲುಬೆಂಚಿನ ಮೇಲೆ ಹಿರಿಯ ಗುರುಗಳು. ಆ ಪೀಠಕ್ಕೆ ಕಥೆಡ್ರ ಎಂದು ಹೆಸರು. ಬಿಷಪ್ಪನ ದೇವಾಲಯಕ್ಕೆ ಕಥೀಡ್ರಲ್ ಎನ್ನುವುದು ಈ ಕುರ್ಚಿಯಿಂದ. ಬಿಷಪ್ಪನು ಕುಳಿತು ಉಪದೇಶಿಸುವನು, ಜನ ನಿಂತು ಕೇಳುವರು. ಬೆಂಚುಗಳ ಸಾಲು ಬಹಳ ಶತಮಾನಗಳ ಮೇಲಿನದು. ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ಪನಾಗಿದ್ದ ಸಂತ ಅಗಸ್ಟೀನನು, ಸಮುದ್ರದಾಚೆಯ ಕೆಲವು ದೇವಾಲಯಗಳಲ್ಲಿ ಜನರಿಗೆ ಕೂರಲು ಅವಕಾಶವಿರುವುದನ್ನು ನೆನೆದು ಅದೇ ಮೇಲೆಂದಿದ್ದಾನೆ. ತಾನು ಕುಳಿತು ಮಾತನಾಡುವಾಗ ನಿಂತವರ ಕಾಲುನೋವನ್ನು ನೆನೆದ ಉಪದೇಶಕ ಸಾಮಾನ್ಯನಲ್ಲ. ಕೊನೆಯ ಗೂಡಿನಿಂದ ಆಡಿದ ಮಾತು ದೂರದವರಿಗೆ ಕೇಳಿಸದು. ಆದ್ದರಿಂದ ಅಂಬೊ ಎಂಬ ಎತ್ತರದ ವಾಚನಪೀಠ ಜನರ ನಡುವಿಗೆ ಬಂದಿತು. ಕಾನ್‌ಸ್ಟಾಂಟಿನೋಪಲಿನ ಸಂತ ಜಾನ್ ಕ್ರಿಸೊಸ್ತಮನು ಬಿಷಪ್ಪನ ಪೀಠ ಬಿಟ್ಟು ಅಂಬೊ ಹತ್ತಿ ಉಪದೇಶಿಸುತ್ತಿದ್ದನೆಂದು ಚರಿತ್ರಕಾರರು ಬರೆದಿದ್ದಾರೆ.

ಸಿರಿಯಾದಲ್ಲಿ ಸುಮಾರು ೩೮೦ರಲ್ಲಿ ಸಿದ್ಧವಾದ ಒಂದು ನಿಯಮಸಂಗ್ರಹವುಂಟು. ದೇವಾಲಯ ಹಡಗಿನಂತೆ ಉದ್ದವಾಗಿರಲಿ, ಪೂರ್ವಕ್ಕೆ ಮುಖವಾಗಿರಲಿ. ಗಂಡಸರ ಬಾಗಿಲಿನಲ್ಲಿ ದ್ವಾರಪಾಲಕರೂ ಹೆಂಗಸರ ಬಾಗಿಲಿನಲ್ಲಿ ಸ್ತ್ರೀ ಪರಿಚಾರಕಿಯರೂ ನಿಲ್ಲಲಿ ಎಂದು ಅದರ ವಿಧಿ. ಯಾರೂ ಪಿಸುಗುಟ್ಟದಂತೆ, ನಗದಂತೆ, ತೂಕಡಿಸದಂತೆ ಡೀಕನನು ನೋಡಿಕೊಳ್ಳಬೇಕಂತೆ. ಯೂತಿಖನ ವಂಶ ಮುಗಿದಿರಲಿಲ್ಲವೆಂದಾಯಿತು.

ಇನ್ನು ಬಾಗಿಲ ಸಂಗತಿ. ಇಂದಿನ ಲೆಬನಾನಿನ ಟೈರ್ ಪಟ್ಟಣದಲ್ಲಿ ಸುಮಾರು ೩೧೫ರಲ್ಲಿ ಒಂದು ಹೊಸ ದೇವಾಲಯ ಪ್ರತಿಷ್ಠೆಯಾಯಿತು. ಚರಿತ್ರಕಾರ ಯೂಸೀಬಿಯಸನು ಅಂದು ಮಾಡಿದ ಭಾಷಣದಲ್ಲಿ ಅದರ ವರ್ಣನೆಯಿದೆ: ಹೊರಗೋಡೆ, ಮಹಾದ್ವಾರ, ನಾಲ್ಕೂ ಕಡೆ ಕಂಬಸಾಲಿರುವ ಅಂಗಳ, ಅಂಗಳದಲ್ಲಿ ಒಳಗೆ ಹೋಗುವವರು ತೊಳೆದುಕೊಳ್ಳಲು ಕಾರಂಜಿ. ಕೈಕಾಲು ತೊಳೆದು ಒಳಗೆ ಹೋಗುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳ ಮತ್ತು ಮೊಗಸಾಲೆಗಳಿಗೆ ಇನ್ನೊಂದು ಉಪಯೋಗವೂ ಇದ್ದಿತು. ದೀಕ್ಷೆಗಾಗಿ ಕಾಯುವವರು, ದೀಕ್ಷಾರ್ಥಿಗಳು, ವಾಚನ ಉಪದೇಶಗಳನ್ನು ಕೇಳಬಹುದು. ಅದಾದ ಮೇಲೆ ಡೀಕನನು ಅವರನ್ನು ಹೊರಕ್ಕೆ ಕಳುಹಿಸಿ ಬಾಗಿಲು ಮುಚ್ಚಿಸುತ್ತಿದ್ದನು. ಪೂರ್ವದೇಶದ ಆರ್ಥೊಡಾಕ್ಸ್ ಪೂಜೆಯಲ್ಲಿ ಬಾಗಿಲನ್ನು ಕಾಯಿರೆಂಬ ಡೀಕನನ ಕೂಗು ಇಂದಿಗೂ ಇದೆ. ಹೊರಗೆ ಹೋಗಬೇಕಾದ ದೀಕ್ಷಾರ್ಥಿಗಳು ಮಾತ್ರ ಈಗ ಹೆಚ್ಚಾಗಿ ಇಲ್ಲ.

ಟೈರಿನ ವರ್ಣನೆಯಲ್ಲಿ ನನ್ನ ಮನಸ್ಸು ನಿಲ್ಲುವ ಮಾತು ಇನ್ನೊಂದಿದೆ. ಬಲಿಪೀಠದ ಸುತ್ತ ನುಣುಪಾದ ಕೆತ್ತನೆಯ ಮರದ ಜಾಲರಿಯನ್ನು ನಿಲ್ಲಿಸಿದ್ದರು, ಜನಸಾಮಾನ್ಯರು ಒಳಗೆ ಬಾರದಿರಲೆಂದು. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿದ್ದಿತಷ್ಟೆ! ಊಟದ ಕೋಣೆಯ ಮೇಜಿಗೆ ಆಗಲೇ ಬೇಲಿ ಬಿದ್ದಿದ್ದಿತು. ಜನಸಂದಣಿಯನ್ನು ತಡೆಯಲು ಏನಾದರೂ ಬೇಕಾಗಿದ್ದಿತೆಂಬುದು ಸರಿ. ಆದರೂ ಬೇಲಿ ಒಮ್ಮೆ ಬಂದರೆ ಸುಮ್ಮನಿರುವುದಿಲ್ಲ, ಎತ್ತರವಾಗುತ್ತ ಹೋಗುತ್ತದೆ.

ದೀಕ್ಷಾಗೃಹ ದೇವಾಲಯದಿಂದ ಬೇರೆಯಾಗಿ ನಿಂತದ್ದಕ್ಕೂ ಕಾರಣ ಸಂಸ್ಕಾರದ ಕ್ರಮವೇ. ಆಗ ದೀಕ್ಷೆ ಪಡೆಯುತ್ತಿದ್ದವರು ಹೆಚ್ಚಾಗಿ ವಯಸ್ಕರು. ಕಾಲ ಸಾಮಾನ್ಯವಾಗಿ ಈಸ್ಟರ್ ಹಬ್ಬದ ಹಿಂದಿನ ರಾತ್ರಿ. ಜೆರೂಸಲೇಮಿನಲ್ಲಿ ನಾಲ್ಕನೆಯ ಶತಮಾನದಲ್ಲಿ ಹೊಸಬರಿಗೆ ಕೊಟ್ಟ ಉಪದೇಶಗಳಿಂದ ವಿವರ ತಿಳಿಯುತ್ತದೆ. ಹೊರಕೋಣೆಯಲ್ಲಿ ಪಶ್ಚಿಮಕ್ಕೆ ತಿರುಗಿ ಸೈತಾನನನ್ನು ನಿರಾಕರಿಸಬೇಕು. ಆಮೇಲೆ ಪೂರ್ವಕ್ಕೆ ತಿರುಗಿ ನಂಬಿಕೆಯನ್ನು ಹೇಳಬೇಕು. ಒಳಕೋಣೆಯಲ್ಲಿ ಬಟ್ಟೆ ಕಳಚಿ, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ತೊಟ್ಟಿಗೆ ಇಳಿದು ಮೂರು ಸಾರಿ ಮುಳುಗಬೇಕು. ಇಷ್ಟಕ್ಕೆಲ್ಲ ಮರೆ ಬೇಕು, ನೀರು ಬೇಕು, ಸುತ್ತ ನಿಲ್ಲುವವರಿಗೆ ಜಾಗ ಬೇಕು. ಸ್ನಾನವಾಗದವನು ಪ್ರಸಾದದ ಹೊತ್ತಿನಲ್ಲಿ ದೇವಾಲಯದೊಳಗೆ ಇರುವಂತಿಲ್ಲವಾದ್ದರಿಂದ ಸ್ನಾನದ ಮನೆ ಹೊರಗಿರುವುದೇ ಲೇಸು. ಬಿಳಿಯ ಬಟ್ಟೆ ಉಟ್ಟು, ರಾತ್ರಿ ದೀಪಗಳ ಬೆಳಕಿನಲ್ಲಿ ಮೆರವಣಿಗೆಯಾಗಿ ಅವರು ಮೊದಲ ಬಾರಿ ಪ್ರಸಾದದ ಪೂಜೆಗೆ ಬರುತ್ತಿದ್ದರು.

ಇಟಲಿಯ ದೀಕ್ಷಾಗೃಹಗಳು ಅನೇಕವು ಎಂಟು ಮೂಲೆಯವು. ವಾರದ ಏಳು ದಿನ ಕಳೆದ ಮೇಲೆ ಎಂಟನೆಯದು ಪುನರುತ್ಥಾನದ ದಿನ, ಹೊಸ ಸೃಷ್ಟಿಯ ದಿನ ಎಂಬುದು ಅದರ ಭಾವ. ಮಿಲಾನಿನಲ್ಲಿ ಸಂತ ಆಂಬ್ರೋಸನು ೩೮೭ರ ಈಸ್ಟರಿನಲ್ಲಿ ಅಗಸ್ಟೀನನಿಗೆ ದೀಕ್ಷೆ ಕೊಟ್ಟದ್ದು ಅಂಥದೊಂದರಲ್ಲಿ. ಆ ಎಂಟುಮೂಲೆಯ ತೊಟ್ಟಿ ಇಂದಿನ ಕಥೀಡ್ರಲಿನ ಮುಂದೆ ನೆಲದಡಿಯಲ್ಲಿ ನೋಡಸಿಗುತ್ತದೆ. ಮುಂದೆ ಕೂಸುಗಳಿಗೆ ದೀಕ್ಷೆ ಕೊಡುವುದೇ ರೂಢಿಯಾದಾಗ ಇಷ್ಟು ದೊಡ್ಡ ಕಟ್ಟಡದ ಕೆಲಸ ಮುಗಿಯಿತು. ತೊಟ್ಟಿ ಕುಗ್ಗಿ ಕಲ್ಲಿನ ಬಟ್ಟಲಾಗಿ ದೇವಾಲಯದ ಬಾಗಿಲ ಬಳಿ ಬಂದು ನಿಂತಿತು.

ಪೂಜೆಯ ಇನ್ನೊಂದು ಬೇರು ಗೋರಿಗಳಲ್ಲಿತ್ತು. ರೋಮನರ ಕಾನೂನಿನಂತೆ ಹೆಣ ಹೂಳುವುದು ಪಟ್ಟಣದ ಹೊರಗೆ. ಸತ್ತವರ ನೆನಪಿಗೆ ಗೋರಿಯ ಬಳಿ ಊಟಮಾಡುವುದು ಹಳೆಯ ರೋಮನ್ ಪದ್ಧತಿ. ಕ್ರೈಸ್ತರೂ ಅದನ್ನು ಬಿಡಲಿಲ್ಲ. ಹುತಾತ್ಮರ ಗೋರಿಗಳ ಬಳಿ ಕುದುರೆಲಾಳದ ಆಕಾರದ ದೊಡ್ಡ ಹಜಾರಗಳನ್ನು ಕಟ್ಟಿದರು. ರೋಮಿನ ಆಪ್ಪಿಯ ರಸ್ತೆಯ ಸಂತ ಸೆಬಾಸ್ಟಿಯನ್ನನ ದೇವಾಲಯ ಅಂಥದು. ನೆಲದ ತುಂಬ ಸಮಾಧಿಗಳು. ಮೇಲೆ ನಡೆಯುತ್ತಿದ್ದುದು ನೆನಪಿನ ಊಟ. ಅಗಸ್ಟೀನನ ತಾಯಿ ಮೋನಿಕ ತನ್ನೂರಿನ ರೂಢಿಯಂತೆ ಗಂಜಿ, ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಮಿಲಾನಿನ ಹುತಾತ್ಮರ ಸಮಾಧಿಗೆ ಹೋದಾಗ, ದ್ವಾರಪಾಲಕನು ಬಿಷಪ್ ಆಂಬ್ರೋಸನ ಅಪ್ಪಣೆಯಿಲ್ಲವೆಂದು ತಡೆದನು. ಆಕೆ ಮರುಮಾತಿಲ್ಲದೆ ಬುಟ್ಟಿಯನ್ನು ಹಿಂದಕ್ಕೆ ತಂದಳೆಂದು ಮಗ ಮೆಚ್ಚಿ ಬರೆದಿದ್ದಾನೆ. ಮೆಚ್ಚಬೇಕಾದದ್ದೇ ಇರಬಹುದು; ಆ ಬುಟ್ಟಿಯನ್ನು ನೆನೆದರೆ ನನಗೆ ಮಾತ್ರ ಸ್ವಲ್ಪ ಸಂಕಟವಾಗುತ್ತದೆ.

ಇದೇ ಆಂಬ್ರೋಸನು ೩೮೬ರಲ್ಲಿ ಇಬ್ಬರು ಹುತಾತ್ಮರ ಅಸ್ಥಿಗಳನ್ನು ಅಗೆದು ತೆಗೆಸಿ, ತನ್ನ ಹೊಸ ಬಸಿಲಿಕದ ಬಲಿಪೀಠದ ಅಡಿಯಲ್ಲಿ, ತನಗಾಗಿ ಇಟ್ಟುಕೊಂಡಿದ್ದ ಜಾಗದಲ್ಲಿ ಇರಿಸಿದನು. ಗೋರಿಯ ಊಟ ನಿಂತಿತು. ಗೋರಿ ಬಲಿಪೀಠದ ಕೆಳಗೆ ಬಂದಿತು. ರೋಮಿನ ವ್ಯಾಟಿಕನ್ ಗುಡ್ಡದ ಸಂತ ಪೇತ್ರನ ಬಸಿಲಿಕದಲ್ಲಿ ಕಾನ್‌ಸ್ಟಂಟೈನನು ಇಳಿಜಾರನ್ನೇ ಸಮಮಾಡಿಸಿ, ಹಳೆಯ ಸ್ಮಶಾನಕ್ಕೆ ಮಣ್ಣು ತುಂಬಿಸಿ, ಪೇತ್ರನ ಸ್ಮಾರಕ ಸರಿಯಾಗಿ ಗೂಡಿನ ಮುಂದೆ ಬರುವಂತೆ ಮಾಡಿಸಿದ್ದನು. ಅದನ್ನು ನೋಡಬಂದವರ ಗುಂಪಿಗೆಂದೇ ಗೂಡಿನ ಮುಂದೆ ಒಂದು ಅಡ್ಡ ಹಜಾರ. ಸುಮಾರು ೬೦೦ರಲ್ಲಿ ಮಹಾ ಗ್ರೆಗೊರಿಯ ಕಾಲಕ್ಕೆ ನೆಲವನ್ನು ಎತ್ತರಿಸಿ ಬಲಿಪೀಠವನ್ನು ಸ್ಮಾರಕದ ನೆತ್ತಿಯ ಮೇಲೆ ಇಟ್ಟು, ಕೆಳಗೆ ಯಾತ್ರಿಕರು ಬಳಸಿ ಬರಲು ದುಂಡನೆಯ ಓಣಿ ಮಾಡಿದರು. ಮೇಲೆ ಪೂಜೆ, ಕೆಳಗೆ ಪ್ರದಕ್ಷಿಣೆ, ಒಂದಕ್ಕೊಂದು ಅಡ್ಡಿಯಿಲ್ಲ. ಮೈಸೂರಿನಲ್ಲಿ ೧೯೩೩ರಲ್ಲಿ ಕಟ್ಟಲಾರಂಭಿಸಿದ ಸಂತ ಫಿಲೋಮಿನಾ ದೇವಾಲಯದಲ್ಲಿ ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದವರು ಈ ಹಳೆಯ ಏರ್ಪಾಡಿನ ದೂರದ ಮೊಮ್ಮಗುವನ್ನು ಕಂಡಿದ್ದಾರೆ.

ಜೆರೂಸಲೇಮಿನಲ್ಲಿ ಯೇಸುವಿನ ಗೋರಿಯ ಸುತ್ತ ಎದ್ದದ್ದು ದುಂಡು ಕಟ್ಟಡ; ಗೋರಿಯನ್ನು ಸುತ್ತಿ ಬರಬೇಕಾದ ಕಡೆ ಉದ್ದನೆಯ ಹಜಾರ ಒಪ್ಪುವುದಿಲ್ಲ. ಅದರ ಮುಂದೆ ಅಂಗಳ, ಅಂಗಳದ ಮೂಲೆಯಲ್ಲಿ ಶಿಲುಬೆಯ ಬಂಡೆ, ಅದರಾಚೆ ೩೩೫ರಲ್ಲಿ ಪ್ರತಿಷ್ಠೆಯಾದ ಬಸಿಲಿಕ. ೩೮೦ರ ದಶಕದಲ್ಲಿ ಎಗೇರಿಯ ಎಂಬ ಯಾತ್ರಿಕಳು ಅಲ್ಲಿಗೆ ಬಂದು, ಜನ ಹಾಡುತ್ತ ಒಂದು ಜಾಗದಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತಿದ್ದರೆಂದು ಬರೆದಿಟ್ಟಿದ್ದಾಳೆ. ಶುಭ ಶುಕ್ರವಾರ ಶಿಲುಬೆಯ ಮರಕ್ಕೆ ಮುತ್ತಿಡುವಾಗ ಡೀಕನರು ಸುತ್ತ ಕಾವಲು ನಿಲ್ಲುತ್ತಿದ್ದರಂತೆ. ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಒಂದು ಚೂರು ಕಚ್ಚಿಕೊಂಡು ಹೋಗಿದ್ದರೆಂದು!

ದಿಕ್ಕಿನ ವಿಚಾರವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಕ್ರೈಸ್ತರು ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸುತ್ತಿದ್ದರು. ಅದರಿಂದಲೇ ನಮ್ಮನ್ನು ಸೂರ್ಯಾರಾಧಕರೆಂದು ಕೆಲವರು ಶಂಕಿಸುತ್ತಾರೆ ಎಂದು ತೆರ್ತುಲಿಯನ್ ೧೯೭ರ ಸುಮಾರಿಗೆ ಬರೆದನು. ಸಂತ ಪೇತ್ರನ ಬಸಿಲಿಕದಲ್ಲಿ ಬಾಗಿಲು ಪೂರ್ವಕ್ಕೆ. ಬೇರೆ ಕಡೆ, ಮುಂದೆ ಹೆಚ್ಚಿನ ಎಡೆಗಳಲ್ಲಿ, ಬಲಿಪೀಠ ಪೂರ್ವಕ್ಕೆ ಬಂದಿತು. ಕೇರಳದ ಸಿರಿಯನ್ ಕ್ರೈಸ್ತರು ಈ ಪೂರ್ವದೇಶದ ಸಂಪ್ರದಾಯಕ್ಕೆ ಸೇರಿದವರು. ಬಲಿಪೀಠದ ಮುಂದೆ ತೆರೆ ಎಳೆಯುವ ಪದ್ಧತಿ ಅವರಲ್ಲಿ ಈಗಲೂ ಇದೆ.

ಕಾನ್‌ಸ್ಟಾಂಟಿನೋಪಲಿನ ಹಗಿಯಾ ಸೋಫಿಯಾ ಈ ಎಲ್ಲ ಧಾರೆಗಳೂ ಕೂಡಿದ ಜಾಗ. ೫೩೨ರ ದಂಗೆಯಲ್ಲಿ ಹಳೆಯದು ಸುಟ್ಟುಹೋಯಿತು. ಜಸ್ಟಿನಿಯನ್ ಚಕ್ರವರ್ತಿಗಾಗಿ ಆಂತೀಮಿಯಸ್ ಮತ್ತು ಇಸಿಡೋರ್ ಎಂಬ ಇಬ್ಬರು ಹೊಸದನ್ನು ಆರು ವರ್ಷದೊಳಗೆ ಕಟ್ಟಿ ೫೩೭ರ ಡಿಸೆಂಬರಿನಲ್ಲಿ ಪ್ರತಿಷ್ಠೆ ಮಾಡಿಸಿದರು. ಅದರ ೩೧ ಮೀಟರು ಅಡ್ಡಳತೆಯ ಗುಮ್ಮಟವನ್ನು ಹೊಗಳುವವರು ಬಹಳ. ಅದರ ಬಾಗಿಲುಗಳನ್ನು ಎಣಿಸುವವರು ಕಡಿಮೆ. ಅಷ್ಟೊಂದು ಬಾಗಿಲುಗಳೇಕೆ? ಜನ ಅಂಗಳದಲ್ಲೂ ಮೊಗಸಾಲೆಯಲ್ಲೂ ಕಾದಿದ್ದು, ಬಿಷಪ್ಪನೊಂದಿಗೆ ಎಲ್ಲ ಕಡೆಯಿಂದ ಒಮ್ಮೆಗೇ ಒಳಕ್ಕೆ ಬರುತ್ತಿದ್ದರು. ಈಶಾನ್ಯ ಮೂಲೆಯಲ್ಲಿ ಬೇರೆಯಾಗಿ ನಿಂತ ದುಂಡು ಮನೆಯಿದೆ. ಜನ ತಂದ ರೊಟ್ಟಿ ದ್ರಾಕ್ಷಾರಸಗಳನ್ನು ಇರಿಸಿಕೊಂಡು, ಅಲ್ಲಿಂದ ಡೀಕನರು ಮೆರವಣಿಗೆಯಲ್ಲಿ ಬಲಿಪೀಠಕ್ಕೆ ತರುತ್ತಿದ್ದರು. ಬಲಿಪೀಠದಿಂದ ಅಂಬೊವರೆಗೆ ಎರಡು ಕಡೆ ಕಲ್ಲುಕಟಕಟೆಯಿರುವ ಹಾದಿ. ಪೌಲ ಎಂಬ ಅರಮನೆಯ ಅಧಿಕಾರಿಯೊಬ್ಬ ೫೬೩ರಲ್ಲಿ ರಚಿಸಿದ ಕಾವ್ಯದಲ್ಲಿ, ಸುವಾರ್ತೆಯ ಹೊತ್ತಗೆ ಆ ಹಾದಿಯಲ್ಲಿ ಹೋಗುವಾಗ ತುಟಿಯಿಂದ, ಕೈಯಿಂದ ಮುಟ್ಟಲು ನುಗ್ಗುವ ಜನರನ್ನು ಅಲೆಗಳಿಗೆ ಹೋಲಿಸಿದ್ದಾನೆ. ಕಟಕಟೆ ಏಕೆ ಬೇಕಾಯಿತೆಂಬುದು ಅರ್ಥವಾಗುತ್ತದೆ. ಆ ಜನಕ್ಕೆ ಹತ್ತಿರ ಬರುವ ಆಸೆ ಎಷ್ಟಿದ್ದಿತೆಂಬುದೂ ಅರ್ಥವಾಗುತ್ತದೆ. ೧೪೫೩ರಲ್ಲಿ ಮಸೀದಿಯಾಗಿ, ೧೯೩೫ರಲ್ಲಿ ವಸ್ತುಸಂಗ್ರಹಾಲಯವಾಗಿ, ೨೦೨೦ರಿಂದ ಮತ್ತೆ ಮಸೀದಿಯಾಗಿರುವ ಆ ಕಟ್ಟಡದಲ್ಲಿ ಈಗ ಅಂಬೊ ಇಲ್ಲ, ಕಟಕಟೆಯಿಲ್ಲ, ಬಾಗಿಲುಗಳಿವೆ.

ಮುಂದಿನ ಶತಮಾನಗಳಲ್ಲಿ ಪೂರ್ವದೇಶದ ತಗ್ಗಾದ ಕಟಕಟೆ ಮೇಲೆ ಬೆಳೆದು ಪಟಗಳ ಗೋಡೆಯಾಯಿತು. ಪಶ್ಚಿಮದಲ್ಲಿ ಮೇಜು ಹಿಂದೆ ಸರಿಯುತ್ತ ಕೊನೆಯ ಗೋಡೆಗೆ ತಗುಲಿಕೊಂಡಿತು. ಗುರು ಜನರಿಗೆ ಬೆನ್ನು ಮಾಡಿ, ಜನರಿಗೆ ಅರ್ಥವಾಗದ ಲ್ಯಾಟಿನ್ನಿನಲ್ಲಿ ಪೂಜೆ ನಡೆಸಿದನು. ೧೯೬೨ರಿಂದ ೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಕೆಥೊಲಿಕ್ ಪಂಥದವರು ಮೇಜನ್ನು ಗೋಡೆಯಿಂದ ಬಿಡಿಸಿ ಮುಂದಕ್ಕೆ ತಂದರು, ಗುರು ಜನರ ಕಡೆಗೆ ತಿರುಗಿದನು, ನಮ್ಮಲ್ಲಿ ಪೂಜೆಗೆ ಕನ್ನಡ ಬಂದಿತು. ಹಳೆಯ ದೊಡ್ಡ ಬಲಿಪೀಠವನ್ನು ಒಡೆಯಲು ಅನೇಕ ಊರುಗಳಲ್ಲಿ ಮನಸ್ಸು ಬರಲಿಲ್ಲ. ಅದರಿಂದಲೇ ಹಳೆಯ ಇಗರ್ಜಿಗಳಿಗೆ ಹೋದರೆ ಎರಡು ಬಲಿಪೀಠಗಳು ಕಾಣುತ್ತವೆ: ಗೋಡೆಗೆ ಒರಗಿ ನಿಂತ, ಮೂರ್ತಿಗಳೂ ಮೋಂಬತ್ತಿಗಳೂ ತುಂಬಿದ ಎತ್ತರದ್ದೊಂದು, ಅದರ ಮುಂದೆ, ಜನರಿಗೆ ನಾಲ್ಕು ಹೆಜ್ಜೆ ಹತ್ತಿರದಲ್ಲಿ, ಬಿಳಿಯ ಬಟ್ಟೆ ಹಾಸಿದ ಬರಿಯ ಮೇಜು.